ಬಟ್ಟೆಯಾಗುವ ಮೊದಲು: ಜಲವರ್ಣ, ಪೆನ್ಸಿಲ್‌ನಲ್ಲಿ ಬರೆದ ವಿನ್ಯಾಸದ ಹಾಳೆಯನ್ನು ನೋಡುವುದು ಹೇಗೆ?

ಮ್ಯೂಸಿಯಂಗಳಲ್ಲಿ ಹಳೆಯ ಬಟ್ಟೆ ವಿನ್ಯಾಸಗಳನ್ನು ನೋಡುತ್ತಾ ಹೋದರೆ ಚೀಟಿಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಕಾಗದದ ಮೇಲೆ ಜಲವರ್ಣ ಮತ್ತು ಗ್ರಾಫೈಟ್’. ಅಂದರೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಮೇಲೆ ನೀರು ಬಣ್ಣ ಹಚ್ಚಿದ ಹಾಳೆ. ನಾವು ಹೂವು ನೋಡುತ್ತೇವೆ, ಬಳ್ಳಿ ನೋಡುತ್ತೇವೆ, ಚೆನ್ನಾಗಿದೆ ಅನ್ನುತ್ತೇವೆ, ಮುಂದಿನ ಹಾಳೆಗೆ ಹೋಗುತ್ತೇವೆ.

ಹಾಗೆ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಈ ಹಾಳೆಗಳನ್ನು ಗೋಡೆಗೆ ತೂಗುಹಾಕಲು ಯಾರೂ ಬರೆದದ್ದಲ್ಲ. ಮನೆ ಕಟ್ಟುವ ಮುಂಚೆ ಬರೆಯುವ ನಕ್ಷೆಯ ಹಾಗೆ, ಇನ್ನೊಬ್ಬರ ಕೈಗೆ ಕೊಡಲು ತಯಾರಾದ ಕೆಲಸದ ಕಾಗದ ಇವು. ನೇಕಾರ ಇದನ್ನು ನೋಡಿ ಮಗ್ಗ ಹೂಡಬೇಕು. ಅಚ್ಚು ಕೆತ್ತುವವನು ಇದನ್ನು ನೋಡಿ ಮರ ಕೆತ್ತಬೇಕು. ಅವರಿಬ್ಬರಿಗೂ ಏನು ತಿಳಿಯಬೇಕಿತ್ತು ಎಂದು ಕೇಳಿಕೊಂಡು ನೋಡಿದರೆ ಹಾಳೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗಲೇ ಅದರ ಚೆಲುವೂ ಪೂರ್ತಿ ಕಾಣುವುದು ಅನ್ನುವುದು ನನ್ನ ನಂಬಿಕೆ.

ಮೊದಲು ಪೆನ್ಸಿಲ್ ನೋಡಿ

ಬಣ್ಣ ಕಣ್ಣನ್ನು ತನ್ನ ಕಡೆ ಎಳೆಯುತ್ತದೆ. ಸ್ವಲ್ಪ ಹೊತ್ತು ಅದನ್ನು ಬದಿಗಿಟ್ಟು ಗೆರೆಗಳನ್ನು ಹುಡುಕಿ. ಹಾಳೆಗೆ ಮೊದಲು ಬಂದದ್ದು ಅವೇ ಅಲ್ವಾ?

ಸಾಮಾನ್ಯವಾಗಿ ಮೊದಲು ಸಿಗುವುದು ಸ್ಕೇಲಿಟ್ಟು ಎಳೆದ ನೇರ ಗೆರೆಗಳು. ಸುತ್ತ ಒಂದು ಚೌಕಟ್ಟು, ನಡುವೆ ಹಾದುಹೋಗುವ ಒಂದು ಉದ್ದ ಗೆರೆ, ಕೆಲವು ಹಾಳೆಗಳಲ್ಲಿ ಪೂರ್ತಿ ಚೌಕಳಿ. ಇವು ಬಟ್ಟೆಯಲ್ಲಿ ಕಾಣಿಸುವುದಿಲ್ಲ. ವಿನ್ಯಾಸ ಎಲ್ಲಿ ಮುಗಿದು ಎಲ್ಲಿಂದ ಮತ್ತೆ ಶುರುವಾಗಬೇಕು ಅನ್ನುವ ಲೆಕ್ಕ ಇವುಗಳಲ್ಲಿದೆ.

ಆಮೇಲೆ ಬಾಗಿದ ಗೆರೆಗಳು. ಇಲ್ಲಿ ನಿಧಾನವಾಗಿ ನೋಡಬೇಕು. ಬಳ್ಳಿಯ ಓಟವನ್ನು ಎರಡು ಮೂರು ಸಲ ಎಳೆದಿರುತ್ತಾರೆ. ಎಲೆಯ ತುದಿ ಮೊದಲು ಸ್ವಲ್ಪ ಎಡಕ್ಕಿತ್ತು, ಆಮೇಲೆ ಬಲಕ್ಕೆ ಸರಿದಿದೆ, ಹಳೆಯ ಗೆರೆ ಬಣ್ಣದ ಹೊರಗೆ ಹಾಗೇ ಉಳಿದಿದೆ. ಯಾಕೆ ಸರಿಸಿದರು? ಪಕ್ಕದ ಹೂವಿಗೂ ಈ ಎಲೆಗೂ ನಡುವೆ ಉಳಿದ ಖಾಲಿ ಜಾಗ ತೀರಾ ಕಿರಿದಾಗಿತ್ತು ಅಂತ ಅದನ್ನು ನೋಡಿದರೆ ತಿಳಿಯುತ್ತದೆ. ಬಟ್ಟೆಯಲ್ಲಿ ಹೂವಿನಷ್ಟೇ ಮುಖ್ಯ ಹೂವುಗಳ ನಡುವಿನ ಜಾಗ. ಪೆನ್ಸಿಲ್ ಗೆರೆಗಳಲ್ಲಿ ಆ ಜಾಗಕ್ಕಾಗಿ ನಡೆದ ಹುಡುಕಾಟ ಕಾಣುತ್ತದೆ. ತಯಾರಾದ ಬಟ್ಟೆಯಲ್ಲಿ ಅದು ಎಂದೂ ಸಿಗುವುದಿಲ್ಲ.

ಈ ಗೆರೆಗಳನ್ನು ಆಮೇಲೆ ಯಾಕೆ ಅಳಿಸಲಿಲ್ಲ? ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಗೋಂದು, ಹೆಚ್ಚಾಗಿ ಗಮ್ ಅರೇಬಿಕ್. ಪೆನ್ಸಿಲ್ ಗೆರೆಯ ಮೇಲೆ ಬಣ್ಣದ ನೀರು ಹಾದು ಒಣಗಿತೆಂದರೆ ಗೆರೆ ಕಾಗದಕ್ಕೆ ಗಟ್ಟಿಯಾಗಿ ಕೂರುತ್ತದೆ. ಉಜ್ಜಿದರೆ ಬಣ್ಣವೂ ಏಳುತ್ತದೆ, ಕಾಗದದ ಮೈಯೂ ಕೆಡುತ್ತದೆ. ಅದೂ ಅಲ್ಲದೆ ಅಳಿಸುವ ಅಗತ್ಯವೇ ಇರಲಿಲ್ಲ. ಕೆಲಸದ ಕಾಗದದಲ್ಲಿ ಗೆರೆ ಕಂಡರೆ ಯಾರಿಗೆ ತೊಂದರೆ?

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಗೆರೆ ಬಣ್ಣದ ಕೆಳಗಿದೆಯೋ ಮೇಲಿದೆಯೋ ನೋಡಿ. ಕೆಳಗಿನ ಗೆರೆ ಬಣ್ಣದ ಪರದೆಯ ಹಿಂದೆ ಸ್ವಲ್ಪ ಮಂಕಾಗಿರುತ್ತದೆ. ಮೇಲಿನ ಗೆರೆ ಚೂಪಾಗಿರುತ್ತದೆ, ಹಾಳೆಯನ್ನು ಓರೆಯಾಗಿ ನೋಡಿದರೆ ಬೆಳ್ಳಿಯ ಹಾಗೆ ಮಿರುಗುತ್ತದೆ. ಗ್ರಾಫೈಟ್ ಅನ್ನುವುದು ಪದರ ಪದರವಾದ ಇಂಗಾಲ. ಆ ಪದರಗಳು ಜಾರಿ ಕಾಗದದ ನಾರಿಗೆ ಅಂಟಿಕೊಂಡು ಬೆಳಕನ್ನು ವಾಪಸ್ ಎಸೆಯುತ್ತವೆ. ಕೆಳಗಿನ ಗೆರೆ ಯೋಜನೆ. ಮೇಲಿನದು ಬಣ್ಣ ಹಚ್ಚಿಯಾದ ಮೇಲೆ ಬಂದ ತಿದ್ದುಪಡಿ, ಇಲ್ಲವೇ ಮಸುಕಾದ ಅಂಚನ್ನು ನೇಕಾರನಿಗೆ ಸ್ಪಷ್ಟ ಮಾಡಲು ಹಾಕಿದ್ದು. ಫೋಟೋದಲ್ಲಿ ಈ ಮಿರುಗು ಸಿಗುವುದು ಕಡಿಮೆ. ಅದಕ್ಕೆ ಹಾಳೆಯ ಎದುರೇ ನಿಲ್ಲಬೇಕು.

ರಿಪೀಟ್: ಹಾಳೆಯ ನಿಜವಾದ ವಿಷಯ

ಬಟ್ಟೆಯ ವಿನ್ಯಾಸವನ್ನು ಬೇರೆ ಚಿತ್ರಗಳಿಂದ ಬೇರೆ ಮಾಡುವುದು ಒಂದೇ ಒಂದು ಸಂಗತಿ. ಅದು ಮತ್ತೆ ಮತ್ತೆ ಬರಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಎಷ್ಟು ಗಜ ಬೇಕೋ ಅಷ್ಟು. ಹಾಳೆಯ ಬಲ ಅಂಚಿನಲ್ಲಿ ತುಂಡಾದ ದಳದ ಉಳಿದರ್ಧ ಎಡ ಅಂಚಿನಲ್ಲಿ ಸರಿಯಾಗಿ ಅದೇ ಎತ್ತರದಲ್ಲಿ ಇರಬೇಕು. ಒಂದು ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಇಡೀ ಬಟ್ಟೆಯ ಉದ್ದಕ್ಕೂ ಸಾಲಾಗಿ ನಿಲ್ಲುತ್ತದೆ.

ರಿಪೀಟ್ ಕಂಡುಹಿಡಿಯುವುದು ಸುಲಭ. ಎದ್ದು ಕಾಣುವ ಒಂದು ವಸ್ತು ಆರಿಸಿಕೊಳ್ಳಿ, ಒಂದು ಕೆಂಪು ಮೊಗ್ಗು ಅಂದುಕೊಳ್ಳೋಣ. ಅದೇ ಮೊಗ್ಗು, ಅದೇ ದಿಕ್ಕಿಗೆ ತಿರುಗಿದ್ದು, ಮತ್ತೆಲ್ಲಿದೆ ಹುಡುಕಿ. ನೇರ ಪಕ್ಕದಲ್ಲಿ ಸಿಕ್ಕಿದರೆ ಅದು ಸರಳ ರಿಪೀಟ್. ಪಕ್ಕದ ಸಾಲಿನಲ್ಲಿ ಅರ್ಧ ಎತ್ತರಕ್ಕೆ ಇಳಿದು ಸಿಕ್ಕಿದರೆ ಅದನ್ನು ಹಾಫ್ ಡ್ರಾಪ್ ಅನ್ನುತ್ತಾರೆ. ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ವಿನ್ಯಾಸ ನಡು ಗೆರೆಯ ಮೇಲೆ ಮಡಚಿಕೊಂಡಿದೆ ಅಂತ ಅರ್ಥ.

ಹಾಫ್ ಡ್ರಾಪ್‌ನ ಜಾಣತನ ನನಗೆ ಬಹಳ ಇಷ್ಟ. ಸರಳ ರಿಪೀಟ್‌ನಲ್ಲಿ ದೊಡ್ಡ ಹೂವುಗಳು ಅಡ್ಡಡ್ಡ ಸಾಲು ಕಟ್ಟಿ ನಿಲ್ಲುತ್ತವೆ, ಬಟ್ಟೆಗೆ ಬೇಡದ ಪಟ್ಟೆಗಳು ಬಂದುಬಿಡುತ್ತವೆ. ಅರ್ಧ ಇಳಿಸಿದ ಕೂಡಲೇ ಆ ಸಾಲು ಒಡೆಯುತ್ತದೆ. ಕಣ್ಣು ಓರೆಯಾಗಿ ಹರಿಯಲು ಶುರುವಾಗುತ್ತದೆ. ಒಂದು ಚೌಕ ಎಲ್ಲಿ ಮುಗಿಯಿತು ಅಂತ ಥಟ್ಟನೆ ಗೊತ್ತೇ ಆಗುವುದಿಲ್ಲ. ಬರೆದದ್ದು ಅಷ್ಟೇ ಹೂವು, ಕಾಣುವುದು ಎರಡರಷ್ಟು ವೈವಿಧ್ಯ.

ಕನ್ನಡಿ ರಿಪೀಟ್‌ಗೆ ಬೇರೆ ಕಾರಣವಿತ್ತು. ಹಿಂದಿನ ಡ್ರಾಲೂಮ್ ಮಗ್ಗದಲ್ಲಿ ಹಾಸಿನ ಎಳೆಗಳನ್ನು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳನ್ನು, ಹುರಿಗಳಿಗೆ ಕಟ್ಟಿರುತ್ತಿದ್ದರು. ನೇಕಾರ ಲಾಳಿ ಎಸೆಯುವಾಗ ಸಹಾಯಕ್ಕಿದ್ದ ಹುಡುಗ ಆ ಹುರಿಗಳನ್ನು ಎಳೆದು ಬೇಕಾದ ಎಳೆಗಳನ್ನು ಎತ್ತುತ್ತಿದ್ದ. ಎಡ ಬಲ ಒಂದೇ ಆದರೆ ಎರಡೂ ಕಡೆಯ ಎಳೆಗಳನ್ನು ಒಂದೇ ಹುರಿಗೆ ಕಟ್ಟಬಹುದು. ಮಗ್ಗ ಹೂಡುವ ಕೆಲಸ ಅರ್ಧ ಕಮ್ಮಿ. 1804ರ ಸುಮಾರಿಗೆ ಫ್ರಾನ್ಸ್‌ನ ಜೋಸೆಫ್ ಮರೀ ಜಾಕಾರ್ಡ್ ತೂತು ಹೊಡೆದ ಕಾರ್ಡುಗಳಿಂದ ಎಳೆ ಎತ್ತುವ ಯಂತ್ರ ತಂದ ಮೇಲೆ ಹುರಿ ಎಳೆಯುವ ಹುಡುಗನ ಕೆಲಸ ಮೆಲ್ಲಗೆ ಹೋಯಿತು. ಕನ್ನಡಿ ವಿನ್ಯಾಸ ಮಾತ್ರ ಚೆಲುವಿಗಾಗಿಯೇ ಉಳಿದುಕೊಂಡಿತು.

ರಿಪೀಟ್ ಏನು ಅಂತ ಗೊತ್ತಿದ್ದರೆ ಇನ್ನೊಂದು ಗೊಂದಲ ತಾನಾಗಿ ಬಗೆಹರಿಯುತ್ತದೆ. ಎಷ್ಟೋ ಹಾಳೆಗಳಲ್ಲಿ ಒಂದು ಮೂಲೆಗೆ ಮಾತ್ರ ಬಣ್ಣ ತುಂಬಿರುತ್ತದೆ, ಮಿಕ್ಕದ್ದು ಬರೀ ಪೆನ್ಸಿಲ್. ನೋಡಿದವರು ಅಯ್ಯೋ, ಅರ್ಧಕ್ಕೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಪೂರ್ತಿಯಾದ ಹಾಳೆಯೇ. ಒಂದು ಹೂವಿನ ಬಣ್ಣ ಗೊತ್ತಾದರೆ ಅದೇ ಹೂವು ಬಂದಲ್ಲೆಲ್ಲ ಅದೇ ಬಣ್ಣ. ಮತ್ತೆ ತುಂಬುವುದು ಸುಮ್ನೆ ಕೆಲಸ.

ಬಣ್ಣ ಅಂದರೆ ಖರ್ಚು

ಈಗ ಬಣ್ಣಕ್ಕೆ ಬರೋಣ. ಗೋಡೆಯ ಮೇಲಿನ ಚಿತ್ರದಲ್ಲಿ ಕಲಾವಿದ ಎಷ್ಟು ಛಾಯೆ ಬೇಕಾದರೂ ಬೆರೆಸಬಹುದು. ಇಲ್ಲಿ ಆ ಸ್ವಾತಂತ್ರ್ಯ ಇಲ್ಲ. ಅಚ್ಚಿನ ಬಟ್ಟೆಯಾದರೆ ಹೆಚ್ಚುಕಮ್ಮಿ ಒಂದೊಂದು ಬಣ್ಣಕ್ಕೂ ಒಂದೊಂದು ಮರದಚ್ಚು ಕೆತ್ತಬೇಕು. ನೇಯ್ಗೆಯಲ್ಲಿ ಹೂವು ಬರುವುದಾದರೆ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಒಂದೊಂದು ಬಣ್ಣಕ್ಕೂ ಬೇರೆ ಸಣ್ಣ ಲಾಳಿ ಬೇಕು, ಅದನ್ನು ಆ ಹೂವಿನ ಅಗಲಕ್ಕೆ ಮಾತ್ರ ಆಡಿಸಬೇಕು. ಬಣ್ಣ ಜಾಸ್ತಿಯಾದಷ್ಟೂ ದಿನಗಳು ಜಾಸ್ತಿ.

ಹಾಗಾಗಿ ಹಾಳೆಯ ಮೇಲಿನ ಬಣ್ಣಗಳನ್ನು ಎಣಿಸಿ ನೋಡಿ. ತುಂಬಾ ಬಣ್ಣ ಇದೆ ಅನ್ನಿಸಿದ ಹಾಳೆಯಲ್ಲಿ ಎಣಿಸಿದರೆ ಆರೋ ಏಳೋ ಇರಬಹುದು. ಎಲೆಯ ಹಸಿರೇ ಹಕ್ಕಿಯ ರೆಕ್ಕೆಯಲ್ಲೂ ಇದೆ. ಹೂವಿನ ಗುಲಾಬಿಯೇ ಮೊಗ್ಗಿನ ತುದಿಯಲ್ಲೂ ಇದೆ. ಕಮ್ಮಿ ಬಣ್ಣ ಇಟ್ಟುಕೊಂಡು ತುಂಬಿದ ಹಾಗೆ ಕಾಣಿಸುವುದು ಈ ಕಸುಬಿನ ದೊಡ್ಡ ವಿದ್ಯೆ.

ನೆರಳು ಬೆಳಕು ಇನ್ನೂ ಕಷ್ಟ. ಒದ್ದೆ ಕುಂಚದಲ್ಲಿ ಕಡುಗೆಂಪು ಮೆಲ್ಲಗೆ ತಿಳಿಯಾಗುತ್ತಾ ಬಿಳಿ ಕಾಗದದಲ್ಲಿ ಕರಗಿಹೋಗುತ್ತದೆ. ಆದರೆ ರೇಷ್ಮೆಯ ಒಂದು ಎಳೆಗೆ ಒಂದೇ ಬಣ್ಣ. ಅದು ಅರ್ಧದಲ್ಲಿ ತಿಳಿಯಾಗುವುದಿಲ್ಲ. ಅದಕ್ಕೇ ಅನುಭವಿ ವಿನ್ಯಾಸಗಾರರು ದಳವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತಾರೆ. ಒಂದು ಕಡು ಪಟ್ಟಿ, ಅದರ ಪಕ್ಕ ಒಂದು ನಡು ಪಟ್ಟಿ, ಆಮೇಲೆ ಒಂದು ತಿಳಿ ಪಟ್ಟಿ. ಹತ್ತಿರದಿಂದ ನೋಡಿದರೆ ಒಂದರ ಅಂಚು ಒಣಗಿದ ಮೇಲೆ ಇನ್ನೊಂದು ಹಚ್ಚಿದ್ದು ಗೊತ್ತಾಗುತ್ತದೆ. 1730ರ ದಶಕದಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಜಾನ್ ರೆವೆಲ್ ಎಂಬ ವಿನ್ಯಾಸಗಾರನ ಹೆಸರಿನೊಂದಿಗೆ ಒಂದು ಹೊಸ ಬಗೆ ಬಂತು. ಪಕ್ಕಪಕ್ಕದ ಎರಡು ಛಾಯೆಗಳ ಎಳೆಗಳನ್ನು ಅಂಚಿನಲ್ಲಿ ಹಲ್ಲು ಹಲ್ಲಾಗಿ ಒಂದರೊಳಗೊಂದು ಸೇರಿಸುವುದು. ಅದರಿಂದ ನೇಯ್ದ ಹೂವಿಗೂ ಉಬ್ಬಿದ, ದುಂಡಗಿನ ಮೈ ಬಂತು. ಆ ಕಾಲದ ವಿನ್ಯಾಸಗಳಲ್ಲಿ ಹೂವು ಹಣ್ಣು ಥಟ್ಟನೆ ದೊಡ್ಡದಾಗಿ, ಭಾರವಾಗಿ ಕಾಣಲು ಇದೇ ಕಾರಣ.

ಹಾಳೆಯ ಬಣ್ಣಕ್ಕೂ ಬಟ್ಟೆಯ ಬಣ್ಣಕ್ಕೂ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ವಿಲಿಯಂ ಮಾರಿಸ್‌ನ ‘ಟ್ಯೂಲಿಪ್ ಆ್ಯಂಡ್ ವಿಲೋ’ ಒಳ್ಳೆಯ ಉದಾಹರಣೆ. 1873ರಲ್ಲಿ ಈ ಇಂಗ್ಲಿಷ್ ವಿನ್ಯಾಸಗಾರ ಪೆನ್ಸಿಲ್ ಮತ್ತು ಜಲವರ್ಣದಲ್ಲಿ ಅದನ್ನು ಬರೆದ. ಉದ್ದನೆಯ ವಿಲೋ ಎಲೆಗಳ ಹಿನ್ನೆಲೆ, ಮುಂದೆ ದೊಡ್ಡ ಟ್ಯೂಲಿಪ್ ಹೂವು. ಮೊದಲು ಹೊರಗಿನ ಮುದ್ರಕರಿಂದ ಪ್ರಷ್ಯನ್ ನೀಲಿಯಲ್ಲಿ ಅಚ್ಚು ಹಾಕಿಸಿದ. ಆ ನೀಲಿ ಅವನಿಗೆ ಹಿಡಿಸಲಿಲ್ಲ. ಅವನಿಗೆ ಬೇಕಿದ್ದದ್ದು ಇಂಡಿಗೊ, ಗಿಡದಿಂದ ತೆಗೆಯುವ ನೀಲಿ. 1881ರಲ್ಲಿ ಲಂಡನ್ ಹತ್ತಿರದ ಮರ್ಟನ್ ಆ್ಯಬಿಯಲ್ಲಿ ತನ್ನದೇ ಕಾರ್ಖಾನೆ ಮಾಡಿಕೊಂಡ. ಅಲ್ಲಿ ಬಟ್ಟೆಯನ್ನು ಪೂರ್ತಿ ಇಂಡಿಗೊದಲ್ಲಿ ಅದ್ದಿ, ಆಮೇಲೆ ಬಿಳುಪು ಬೇಕಾದ ಕಡೆ ಬಣ್ಣ ತೆಗೆಯುವ ರಾಸಾಯನಿಕವನ್ನು ಅಚ್ಚಿನಿಂದ ಒತ್ತುವ ವಿಧಾನ ಕೈಗೂಡಿತು. ‘ಟ್ಯೂಲಿಪ್ ಆ್ಯಂಡ್ ವಿಲೋ’ ಅವನಿಗೆ ಬೇಕಾದ ಇಂಡಿಗೊದಲ್ಲಿ ಬಂದದ್ದು 1883ರಲ್ಲಿ. ಹಾಳೆ ಹತ್ತು ವರ್ಷ ಕಾದಿತ್ತು. ಅದೇ ವರ್ಷ ಬಂದ ‘ಸ್ಟ್ರಾಬೆರಿ ಥೀಫ್’ ಬಟ್ಟೆಯಲ್ಲಿ ಇಂಡಿಗೊದ ಜೊತೆಗೆ ಕೆಂಪು, ಹಳದಿಯನ್ನೂ ಕೂರಿಸಿದ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಣ್ಣ ತೆಗೆದು ಬಿಳಿ ಮಾಡುವ ಬಟ್ಟೆಯಲ್ಲಿ ನೀಲಿ ಮೊದಲು, ಬಿಳಿ ಆಮೇಲೆ. ಜಲವರ್ಣದಲ್ಲಿ ಇದು ತಿರುವುಮುರುವು. ಅಲ್ಲಿ ಬಿಳಿ ಅಂದರೆ ಕಾಗದವೇ, ಹೂವಿನ ಬಿಳಿಯನ್ನು ಮುಟ್ಟದೆ ಅದರ ಸುತ್ತ ನೀಲಿ ಹಚ್ಚಬೇಕು. ಹಾಳೆಯ ಮೇಲೆ ಕುಂಚ ನಡೆದ ದಾರಿಗೂ ಬಟ್ಟೆಯ ಮೇಲೆ ಕೆಲಸ ನಡೆದ ದಾರಿಗೂ ಸಂಬಂಧವೇ ಇಲ್ಲ, ಆದರೂ ಎರಡೂ ಒಂದೇ ಕಡೆ ತಲುಪಬೇಕು.

ಆ್ಯನಾ ಮರಿಯಾ ಗಾರ್ತ್‌ವೇಟ್‌ರ ಹಾಳೆಗಳು

ಇದನ್ನೆಲ್ಲ ಒಬ್ಬರ ಕೆಲಸದಲ್ಲೇ ನೋಡಬೇಕು ಅಂದರೆ ನಾನು ತೋರಿಸುವುದು ಆ್ಯನಾ ಮರಿಯಾ ಗಾರ್ತ್‌ವೇಟ್‌ರನ್ನು. 1688ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದವರು. ನೇಕಾರರ ಮನೆತನದವರಲ್ಲ. ಹದಿಹರೆಯದಲ್ಲಿ, 1707ರಲ್ಲಿ, ಅವರು ಮಾಡಿದ ಕಾಗದ ಕತ್ತರಿಸಿದ ಒಂದು ಹಳ್ಳಿಯ ದೃಶ್ಯ ಇಂದಿಗೂ ಉಳಿದಿದೆ. ನಲವತ್ತರ ಆಸುಪಾಸಿನಲ್ಲಿ, ವಿಧವೆಯಾದ ಅಕ್ಕನ ಜೊತೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ಗೆ ಬಂದು ನೆಲೆಸಿದರು. ಅದು ಆಗ ಇಂಗ್ಲೆಂಡಿನ ರೇಷ್ಮೆ ನೇಯ್ಗೆಯ ಕೇಂದ್ರ. ಮಗ್ಗದ ನಡುವೆ ಬೆಳೆಯದ ಒಬ್ಬ ಹೆಂಗಸು, ಆ ವಯಸ್ಸಿನಲ್ಲಿ, ನೇಕಾರರಿಗೆ ನೇರವಾಗಿ ವಿನ್ಯಾಸ ಮಾರಿ ಬದುಕಿದರು. 1763ರಲ್ಲಿ ತೀರಿಕೊಂಡರು. ಅವರ 800ಕ್ಕೂ ಹೆಚ್ಚು ವಿನ್ಯಾಸಗಳು ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಅಷ್ಟು ಹಾಳೆಗಳಿಗೆ ಇಷ್ಟು ಬೆಲೆ ಬರಲು ಅವರ ಒಂದು ಅಭ್ಯಾಸ ಕಾರಣ. ವಿನ್ಯಾಸ ಕೊಂಡ ನೇಕಾರ ಅಥವಾ ರೇಷ್ಮೆ ವ್ಯಾಪಾರಿಯ ಹೆಸರು, ತಾರೀಕು, ಇವನ್ನು ಎಷ್ಟೋ ಹಾಳೆಗಳ ಮೇಲೆ ಬರೆದಿಡುತ್ತಿದ್ದರು. ಆ ಕಾಲದ ರೇಷ್ಮೆ ಬಟ್ಟೆಗಳಲ್ಲಿ ಹೆಚ್ಚಿನವನ್ನು ಯಾರು ಯೋಚಿಸಿದ್ದು, ಯಾರು ನೇಯ್ದದ್ದು ಎಂದು ಹೇಳಲು ದಾರಿಯೇ ಇಲ್ಲ. ಗಾರ್ತ್‌ವೇಟ್‌ರ ಆ ಸಣ್ಣ ಅಕ್ಷರಗಳಿಂದ ಇಂಥ ಹಾಳೆ ಇಂಥ ನೇಕಾರನ ಮಗ್ಗಕ್ಕೆ ಇಂಥ ವರ್ಷ ಹೋಯಿತು ಅಂತ ಹೇಳಬಹುದು. ಹಾಗಾಗಿ ಹಾಳೆಯ ಅಂಚಿನ ಬರಹವನ್ನು ಯಾವತ್ತೂ ದಾಟಿಹೋಗಬೇಡಿ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1747ರ ಒಂದು ಗಂಡಸರ ವೇಸ್ಟ್‌ಕೋಟ್ ಇದೆ. ಲೋಹದ ಎಳೆ ಬೆರೆತ ರೇಷ್ಮೆ. ನೇಯ್ದವನು ಸ್ಪಿಟಲ್‌ಫೀಲ್ಡ್ಸ್‌ನ ಪೀಟರ್ ಲೆಕೂ, ವಿನ್ಯಾಸ ಗಾರ್ತ್‌ವೇಟ್‌ರದು. ಅದರ ವಿನ್ಯಾಸದ ಹಾಳೆ ಲಂಡನ್ನಿನಲ್ಲಿದೆ. ಹಾಳೆಯೂ ಬಟ್ಟೆಯೂ ಎರಡೂ ಉಳಿದ ಇಂಥ ಜೋಡಿಗಳು ಅಪರೂಪ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಪಾಠ ಈ ವಿಷಯದಲ್ಲಿ ಇನ್ನೊಂದಿಲ್ಲ. ಯಾವುದೇ ಇಂಥ ಜೋಡಿಯಲ್ಲಿ ಹುಡುಕಬೇಕಾದ್ದು ಹಾಳೆಯಲ್ಲಿ ಹೇಳಲಾಗದೆ ಉಳಿದದ್ದನ್ನು. ಚಿನ್ನ ಬೆಳ್ಳಿಯ ಎಳೆಯ ಹೊಳಪು ನೀರು ಬಣ್ಣದಲ್ಲಿ ಬರುವುದಿಲ್ಲ, ಸಾಮಾನ್ಯವಾಗಿ ಹಳದಿಯ ಒಂದು ತೆಳು ಲೇಪವೇ ಅದರ ಗುರುತು. ರೇಷ್ಮೆಯ ಮೈ ನಡೆದಾಡುವಾಗ ಬೆಳಕಿಗೆ ಬದಲಾಗುತ್ತದೆ, ಹಾಳೆ ಬದಲಾಗುವುದಿಲ್ಲ. ಕುಂಚದ ಒಂದು ಸೊಗಸಾದ ಬಾಗು ನೇಯ್ಗೆಯಲ್ಲಿ ಸಣ್ಣ ಸಣ್ಣ ಮೆಟ್ಟಿಲಾಗುತ್ತದೆ.

ಹಾಳೆ ನೇರವಾಗಿ ಮಗ್ಗಕ್ಕೆ ಹೋಗುತ್ತಿರಲಿಲ್ಲ ಅನ್ನುವುದೂ ನೆನಪಿರಲಿ. ನಡುವೆ ಒಂದು ಹಂತ ಇತ್ತು. ವಿನ್ಯಾಸವನ್ನು ಚೌಕಳಿ ಕಾಗದಕ್ಕೆ, ಈಗ ನಾವು ಗ್ರಾಫ್ ಅನ್ನುವಂಥದ್ದಕ್ಕೆ, ಮನೆ ಮನೆಯಾಗಿ ಇಳಿಸಬೇಕಿತ್ತು. ಅಡ್ಡ ಸಾಲು ಹೊಕ್ಕು, ಉದ್ದ ಸಾಲು ಹಾಸು. ಬಳ್ಳಿಯ ಪ್ರತಿ ಬಾಗನ್ನೂ ಇಷ್ಟು ಮನೆ ಬಲಕ್ಕೆ, ಇಷ್ಟು ಮನೆ ಮೇಲಕ್ಕೆ ಅಂತ ತೀರ್ಮಾನಿಸಬೇಕು. ಒಳ್ಳೆಯ ವಿನ್ಯಾಸದಲ್ಲಿ ಆ ತೀರ್ಮಾನಕ್ಕೆ ಬೇಕಾದ ಸ್ಪಷ್ಟತೆ ಮೊದಲೇ ಇರುತ್ತದೆ. ಮಸುಕು ಅಂಚು ನೋಡಲು ಚೆಂದ, ಗ್ರಾಫ್ ಬರೆಯುವವನಿಗೆ ತಲೆನೋವು.

ಒಂದೇ ಚೀಟಿ, ಎರಡು ಬೇರೆ ಕೆಲಸ

ಜಲವರ್ಣ, ಗ್ರಾಫೈಟ್ ಅನ್ನುವ ಅದೇ ಚೀಟಿಯನ್ನು ತೀರಾ ಬೇರೆ ಬಗೆಯ ಹಾಳೆಗಳ ಮೇಲೂ ನೋಡುತ್ತೀರಿ. ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತದ ಕಾಲಕ್ಕೆ, 1935ರಿಂದ 1942ರವರೆಗೆ, ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರ ಸಂಬಳ ಕೊಟ್ಟು ಒಂದು ಯೋಜನೆ ನಡೆಸಿತು. ಹೆಸರು ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್. ಹಳೆಯ ಕೌದಿ, ಹಾಸಿಗೆ ಹೊದಿಕೆ, ಉಡುಪು, ಆಟಿಕೆ, ಪೀಠೋಪಕರಣ, ಹೀಗೆ ಜನರ ಕೈಯಿಂದ ಆದ ವಸ್ತುಗಳನ್ನು ಕಂಡಂತೆ ಬರೆದಿಡುವುದು ಅವರ ಕೆಲಸ. ಸುಮಾರು 18,000 ಜಲವರ್ಣಗಳು ತಯಾರಾದವು. ಅವು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿವೆ.

ಇವು ಆಗಲಿರುವ ಬಟ್ಟೆಯ ಹಾಳೆಗಳಲ್ಲ, ಆಗಲೇ ಇದ್ದ ಬಟ್ಟೆಯ ಹಾಳೆಗಳು. ವ್ಯತ್ಯಾಸ ಕಂಡುಹಿಡಿಯಲು ನೆರಳನ್ನು ನೋಡಿ. ಮಡಿಕೆಯ ನೆರಳು, ಒಂದೊಂದು ಎಳೆ, ಹೊಲಿಗೆಯ ಗುಳಿ, ಸವೆದ ಅಂಚು, ಇವೆಲ್ಲ ಇದ್ದರೆ ಕಲಾವಿದನ ಎದುರು ಬಟ್ಟೆ ಇತ್ತು. ವಿನ್ಯಾಸಗಾರನ ಹಾಳೆಯಲ್ಲಿ ನೆರಳು ಹೂವಿನ ಒಳಗಿರಬಹುದು, ಬಟ್ಟೆಗೆ ಮಾತ್ರ ಇರುವುದಿಲ್ಲ, ಯಾಕಂದರೆ ಬಟ್ಟೆಯೇ ಇನ್ನೂ ಹುಟ್ಟಿಲ್ಲ. ದಾಖಲೆಯ ಹಾಳೆಯಲ್ಲಿ ಮೆಚ್ಚಬೇಕಾದ್ದು ತಾಳ್ಮೆ ಮತ್ತು ನಿಷ್ಠೆ. ವಿನ್ಯಾಸದ ಹಾಳೆಯಲ್ಲಿ ಮೆಚ್ಚಬೇಕಾದ್ದು ಮುಂದಾಲೋಚನೆ. ಒಂದರ ಅಳತೆಯಿಂದ ಇನ್ನೊಂದನ್ನು ಅಳೆದರೆ ಎರಡಕ್ಕೂ ಅನ್ಯಾಯ.

ಬಟ್ಟೆಯಾಗಲೇ ಇಲ್ಲದ ವಿನ್ಯಾಸಗಳೂ ಬೇಕಾದಷ್ಟಿವೆ. ಸ್ಕಾಟ್‌ಲೆಂಡಿನ ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್ ಮೊದಲ ಮಹಾಯುದ್ಧದ ಕಾಲಕ್ಕೆ ಲಂಡನ್ನಿನಲ್ಲಿದ್ದಾಗ, ಕಟ್ಟಡದ ಕೆಲಸ ಇಲ್ಲದೆ, ಬಟ್ಟೆ ವಿನ್ಯಾಸ ಮಾಡಿ ಮಾರಿದ. ಪೆನ್ಸಿಲ್ ಮತ್ತು ಜಲವರ್ಣದ ಆ ಹಾಳೆಗಳಲ್ಲಿ ಹೂವು ಬಹುತೇಕ ಹೂವಾಗಿ ಉಳಿದಿಲ್ಲ. ಅಲೆ, ಕಣ್ಣು, ಚೌಕ ಆಗಿಬಿಟ್ಟಿದೆ. ಕಟ್ಟಡ ಬರೆದು ಪಳಗಿದ ಕೈಯ ಗೆರೆ ಅಲ್ಲಿ ಗೊತ್ತಾಗುತ್ತದೆ.

ಮಸುಕಾದದ್ದು ಬಣ್ಣ ಮಾತ್ರ

ಹಳೆಯ ಹಾಳೆಯಲ್ಲಿ ಈಗ ಕಾಣುವ ಬಣ್ಣವನ್ನು ಪೂರ್ತಿ ನಂಬಬಾರದು. ಕೀಟದಿಂದ ತೆಗೆಯುವ ಕಾರ್ಮೈನ್‌ನಂಥ ಕೆಂಪುಗಳು, ಗಿಡಗಳಿಂದ ತೆಗೆದ ಎಷ್ಟೋ ಹಳದಿಗಳು ಬೆಳಕಿಗೆ ಮಾಸುತ್ತವೆ. ಹಸಿರನ್ನು ನೀಲಿ ಹಳದಿ ಬೆರೆಸಿ ಮಾಡಿದ್ದರೆ ಹಳದಿ ಹೋಗಿ ಎಲೆಗಳು ನೀಲಿಯಾಗಿ ಉಳಿಯುತ್ತವೆ. ನೀಲಿ ಎಲೆ ಕಂಡಾಗ ಕಲಾವಿದರ ಕಲ್ಪನೆ ಅಂತ ಹೊಗಳುವ ಮುಂಚೆ ಇದನ್ನು ನೆನಪಿಸಿಕೊಳ್ಳಿ. ಗ್ರಾಫೈಟ್ ಮಾತ್ರ ಇಂಗಾಲ, ಬೆಳಕಿಗೆ ಮಾಸುವುದಿಲ್ಲ. ಹಾಗಾಗಿ ಬರೆದ ದಿನ ಬಣ್ಣದಡಿ ಅಡಗಿದ್ದ ಗೆರೆ ಇವತ್ತು ಎದ್ದು ಕಾಣಬಹುದು.

ಈ ಕಾರಣಕ್ಕೇ ಮ್ಯೂಸಿಯಂಗಳು ಇಂಥ ಹಾಳೆಗಳನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳು ಮಾತ್ರ ಇಟ್ಟು, ಮತ್ತೆ ಕತ್ತಲೆ ಪೆಟ್ಟಿಗೆಗೆ ಸೇರಿಸುತ್ತವೆ. ನೋಡಲು ಹೋದ ದಿನ ಹಾಳೆ ಪ್ರದರ್ಶನದಲ್ಲಿ ಇಲ್ಲದಿರಬಹುದು. ಮೇಲೆ ಹೇಳಿದ ಲಂಡನ್, ನ್ಯೂಯಾರ್ಕ್, ವಾಷಿಂಗ್ಟನ್ನಿನ ಮ್ಯೂಸಿಯಂಗಳ ವೆಬ್‌ಸೈಟ್‌ಗಳಲ್ಲಿ ಹಾಳೆಗಳ ಚಿತ್ರಗಳಿವೆ, ದುಡ್ಡು ಕೊಡದೆ ನೋಡಬಹುದು, ಎಷ್ಟೋ ಚಿತ್ರಗಳನ್ನು ದೊಡ್ಡದು ಮಾಡಿಯೂ ನೋಡಬಹುದು. ಗಾರ್ತ್‌ವೇಟ್ ಹೆಸರು ಹಾಕಿ ಹುಡುಕಿ, ಒಂದು ಹಾಳೆ ಆರಿಸಿಕೊಳ್ಳಿ. ದೊಡ್ಡದು ಮಾಡಿ ಬಲ ಅಂಚಿಗೆ ಹೋಗಿ. ಅಲ್ಲಿ ತುಂಡಾದ ಎಲೆಯ ಉಳಿದ ಭಾಗ ಎಡಗಡೆ ಎಲ್ಲಿದೆ ಅಂತ ಹುಡುಕುವುದರಿಂದ ಶುರು ಮಾಡಿ.